ನೀ ಮುಂದ ಹೋಗು, ನಾ ಬಂದೆ

ಒಂದೂರಲ್ಲಿ ಒಬ್ಬ ಶ್ರೀಮಂತೆ ಇದ್ದಳು. ಹೊಲ, ಬಂಗಾರದ ಶ್ರೀಮಂತೆಯಲ್ಲ, ಪ್ರವಚನಕ್ಕೆ ಬಂದ ತಂದೆ-ತಾಯಂದಿರೇ, ಕಾಲೇಜು ಓದುವ ಇಪ್ಪತ್ತು ವರ್ಷದ ಹುಡುಗಿ. ಊರ ತುಂಬ ಅವಳಿಗೆ ಬೇಕಾದವರು, ಕೈತುಂಬ ಪುಣ್ಯದ ಕೆಲಸ. ಅದೇ ಅವಳ ಸಿರಿ. ಹೆಸರು ಬೇಕಲ್ಲ, ಶಿವಲೀಲಾ ಅನ್ನೋಣ.

ಹಾಸ್ಟೆಲಿನ ಕೋಣೆಯಲ್ಲಿ ಅವಳ ಜೊತೆಗಿದ್ದವಳು ಮಹಾದೇವಿ, ಅವಳ ಹುಟ್ಟೂರಿನವಳೇ. ಒಂದು ಶನಿವಾರ ಮುಂಜಾನೆ ಮಹಾದೇವಿಗೆ ಮನೆಯಿಂದ ಫೋನು ಬಂತು. ನಾಳೆ ಸಂಜೆ ಗಂಡಿನವರು ಬರುತ್ತಾರೆ, ಓದಿದ್ದು ಸಾಕು, ಬಂದುಬಿಡು.

ಮಹಾದೇವಿ ಗೆಳತಿಯ ಕೈ ಹಿಡಿದಳು. "ಅವತ್ತು ನೀ ನಮ್ಮಪ್ಪನ ಮುಂದ ಕುಂತು ಮಾತಾಡಿದ್ದಕ್ಕ ಅಂವ ನನ್ನ ಕಾಲೇಜಿಗೆ ಕಳಿಸ್ಯಾನ. ಇನ್ನೊಂದು ವರ್ಷ ಓದ್ಲಿ ಅಂತ ನೀನ ಹೇಳಬೇಕು. ಫೋನಿನ್ಯಾಗ ಹೇಳಿದ್ರ ಕಟ್ ಮಾಡ್ತಾನ. ಊರಿಗೆ ಹೋಗೂಣು ಬಾ."

"ಬರ್ದ ಇರ್ತೀನೇನ? ರಕ್ತದಾನ ಶಿಬಿರ ಐತಿ, ಒಂದ್ ತಾಸು. ತಡಿ, ಬಂದೆ."

ಒಂದು ತಾಸು ಸಂಜೆಯಾಯಿತು. ಸಂಜೆಗೆ ಇನ್ನೊಬ್ಬ ಗೆಳತಿಯ ಹುಟ್ಟುಹಬ್ಬ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಬಟ್ಟೆ ಬದಲಿಸಲು ಬಂದವಳು ಮಹಾದೇವಿಯ ಮುಖ ನೋಡಿ ಮತ್ತೆ "ತಡಿ, ಬಂದೆ" ಅಂದಳು. ಭಾನುವಾರ ಮುಂಜಾನೆ ಕೆರೆ ಸ್ವಚ್ಛ ಮಾಡುವುದಿತ್ತು. ಆಗಲೂ "ಬಂದೆ."

ನೋಡಿ, ನಮ್ಮ ಮಾತಿನಲ್ಲಿ ಇದೊಂದು ವಿಚಿತ್ರ. ಹೋಗುವವರು 'ಬಂದೆ' ಅನ್ನುತ್ತಾರೆ. ಕಾಲು ಹೊಸ್ತಿಲ ಹೊರಗೆ, ಬಾಯಲ್ಲಿ 'ಬಂದೆ'. ಅಂದವರಿಗೆ ಬಂದಷ್ಟೇ ಸಮಾಧಾನ. ಕಾಯುವವರಿಗೆ?

ಶಿವಲೀಲಾ ಕೆಟ್ಟವಳಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತೇವಲ್ಲ, ಅಂಥವಳೂ ಅಲ್ಲ. ಗೆಳತಿಯ ಓದು ನಿಂತುಹೋಗುತ್ತದೆ ಎಂಬ ಸಂಕಟ ಅವಳಿಗೂ ಇತ್ತು. ಆದರೆ ಕರೆದವರಿಗೆಲ್ಲ ಹೂಂ ಅಂದಿದ್ದಳು. ಮಹಾದೇವಿ ತನ್ನವಳು, ತಡವಾದರೂ ತಿಳಿದುಕೊಳ್ಳುತ್ತಾಳೆ, ಹೊರಗಿನವರು ತಿಳಿದುಕೊಳ್ಳುವುದಿಲ್ಲ ಅಂದುಕೊಂಡಳು.

ಭಾನುವಾರ ಮಧ್ಯಾಹ್ನ ಎರಡರ ಬಸ್ಸಿಗೆ ಮಹಾದೇವಿ ಚೀಲ ಹಿಡಿದು ನಿಂತಳು. ಶಿವಲೀಲಾ ವೃದ್ಧಾಶ್ರಮದಲ್ಲಿ ಊಟ ಬಡಿಸಲು ಹೊರಟಿದ್ದಳು. "ನೀ ಮುಂದ ಹೋಗು. ಮೂರರ ಬಸ್ಸಿಗೆ ನಾ ಬಂದೆ."

ಬಡಿಸಿದ್ದಾಯಿತು. ಹೊರಡಬೇಕು ಅನ್ನುವಷ್ಟರಲ್ಲಿ ಆಶ್ರಮದವರು, ನಿನಗೊಂದು ಶಾಲು ಹೊದಿಸುತ್ತೇವೆ, ಐದು ನಿಮಿಷ ಕೂತುಕೋ ಅಂದರು. ಎದ್ದು ಓಡೋಣ ಅನ್ನಿಸುತ್ತಿತ್ತು, ಎದ್ದರೆ ಇವರೆಲ್ಲ ಏನಂದುಕೊಂಡಾರು ಎಂದು ಕೂತಳು. ಭಾಷಣಗಳಾದವು, ಫೋಟೋ ಆಯಿತು. ಮೂರರ ಬಸ್ಸು ಹೋಯಿತು, ನಾಲ್ಕರದೂ ಹೋಯಿತು. ಐದರ ಬಸ್ಸು ಹಿಡಿದು ಅವಳು ಗೆಳತಿಯ ಮನೆಯ ಅಂಗಳಕ್ಕೆ ಬಂದಾಗ ಗಂಡಿನವರ ಜೀಪು ಹೊರಟು ನಿಂತಿತ್ತು.

ಮಹಾದೇವಿಯ ತಂದೆ ಅವಳನ್ನು ಕಂಡು ತಲೆ ತಗ್ಗಿಸಿದ. "ಎಲಿ-ಅಡಿಕಿ ಆತವ್ವಾ. ನೀ ಬರ್ತಿ ಅಂತ ಆಕಿ ಬಾಗಲಾ ಬಿಟ್ಟು ಅಳ್ಳಾಡಲಿಲ್ಲ. ನಾನೂ ಅವರನ್ನ ಒಂದ್ ತಾಸು ಸುಮ್ನ ಕುಂಡ್ರಿಸಿದೆ. ಈಗ ನಾಕು ಮಂದಿ ಮುಂದ ಕೊಟ್ಟ ಮಾತು ಹೆಂಗ ಮುರೀಲಿ?"

ಒಳಗೆ ಮಹಾದೇವಿ ಹೊಸ ಸೀರೆಯಲ್ಲೇ ಚಹಾದ ಕಪ್ಪು ತೊಳೆಯುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಉಂಡೀಯೋ ಇಲ್ಲೋ?" ಅಂತ ಕೇಳಿದಳು, ಅಷ್ಟೇ. ಆ ಮಾತನ್ನು ಶಿವಲೀಲಾಳಿಗೆ ತಡೆದುಕೊಳ್ಳಲು ಆಗಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತಳು. ಅತ್ತು ಏನು ಬಂತು?

ಈಗ ನಿಮ್ಮನ್ನು ಕೇಳುತ್ತೇನೆ. ರಕ್ತದಾನ ತಪ್ಪೇ? ಅಲ್ಲ. ಹಿರಿಯರಿಗೆ ಬಡಿಸಿದ್ದು ತಪ್ಪೇ? ಅಲ್ಲವೇ ಅಲ್ಲ. ಆದರೆ ಬಡಿಸಲು ಅಲ್ಲಿ ಇನ್ನೂ ಹತ್ತು ಕೈಗಳಿದ್ದವು. ಆ ಅಪ್ಪನ ಮುಂದೆ ಕೂತು ಹೇಳಲು ಇವಳೊಬ್ಬಳೇ ಇದ್ದಳು. ನಿಮ್ಮನ್ನೇ ನೆಚ್ಚಿ ಕೂತವರು ಯಾರು, ಹೇಳಿ? ಮಗ ಏನೋ ಹೇಳಲು ಬಂದಾಗ ಮೊಬೈಲು ನೋಡುತ್ತ ಹೂಂಗುಟ್ಟಿದಿರಿ. ಹೆಂಡತಿ ಎದೆನೋವು ಅಂದಾಗ ಸೋಮವಾರ ಡಾಕ್ಟರಿಗೆ ತೋರಿಸೋಣ ಅಂದಿರಿ. ಯಾವ ಸೋಮವಾರ? ಹತ್ತು ಕಡೆ ಹೂಂ ಅನ್ನುವ ಮೊದಲು ಮನೆಯವರಿಗೆ ಅಂದ ಒಂದು ಹೂಂ ಮುಗಿಸಿ.

ನಾಳೆಯಿಂದಲ್ಲ. ಪ್ರವಚನ ಮುಗಿದೊಡನೆ ದಾಸೋಹದಲ್ಲಿ ಬಡಿಸಲು ಸೊಂಟ ಕಟ್ಟಿ ನಿಂತವರಿದ್ದೀರಿ. ನಿಮ್ಮಲ್ಲಿ ಯಾರಿಗಾದರೂ ಮನೆಯಲ್ಲಿ ಹೀಗೆ ಕಾಯುವವರಿದ್ದರೆ ಈಗಲೇ ಏಳಿ, ಹೋಗಿ ಅವರ ಮುಂದೆ ಕೂತುಕೊಳ್ಳಿ. ಮಠಕ್ಕೇನೂ ಕೊರತೆಯಾಗುವುದಿಲ್ಲ. ನೀವು ಬಡಿಸಬೇಕಿದ್ದ ಪಂಕ್ತಿಗೆ ಇವತ್ತು ನಾನು ಬಡಿಸುತ್ತೇನೆ.