ಸಿತ್ರಾದ ಕ್ಯಾಂಟೀನಿನವ ಕೇಳಿದ ವಾಯಿದೆ

ನನಗೆ ಮೈಕು ಕೊಟ್ಟು ಈಗ ಹೆದರಿ ಕುಳಿತಿರುವ ಅಧ್ಯಕ್ಷರಾದ ಶ್ಯಾಮಸುಂದರರೇ, ಅತಿಥಿಗಳೇ, ಊಟದ ಪರಿಮಳ ಬಂದ ಮೇಲೂ ಏಳದ ಸಭಿಕರೇ,

ಯಶಸ್ಸಿನ ಗುಟ್ಟು ಹೇಳಿ ಎಂದು ಶಾಲು ಹೊದೆಸಿದ್ದೀರಿ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ. ಇಲ್ಲೇ ಮನಾಮಾದ ಪಕ್ಕದ ಸಿತ್ರಾದಲ್ಲಿ ಕಾರ್ಖಾನೆಯವರಿಗೆ ಕ್ಯಾಂಟೀನು ನಡೆಸುತ್ತೇನೆ. ಅನ್ನ ತಡವಾದರೆ ಶಿಫ್ಟಿನವರು ಹಸಿದೇ ಬಸ್ಸು ಹತ್ತುತ್ತಾರೆ. ಹಾಗಾಗಿ ಸ್ವಲ್ಪ ತಡೆಯಿರಿ ಎಂದು ನಾನು ಯಾರಲ್ಲೂ ಕೇಳಿದವನಲ್ಲ. ಕೇಳಿದವರನ್ನು ಬೈಯದೆ ಬಿಟ್ಟವನೂ ಅಲ್ಲ. ಬೈಸಿಕೊಂಡವರು ಇಲ್ಲೇ ಇದ್ದೀರಿ, ನಗಬೇಡಿ.

ಹೋದ ವಾರ ನನ್ನ ಪಾಲುದಾರ ಹಾಜಿ ಜಾಸಿಂ ತೀರಿಕೊಂಡರು. ಈ ದೇಶದವರೇ, ಅರಬರು, ನನಗಿಂತ ಹಿರಿಯರು. ಮರುದಿನವೇ ವ್ಯಾಟ್ ತೆರಿಗೆಯ ರಿಟರ್ನಿಗೆ ಕಡೇ ದಿನ. ಅದನ್ನು ಕಳಿಸಲು ಬೇಕಾದ ಕೋಡ್ ಬರುವುದು ಅವರ ಮೊಬೈಲಿಗೆ. ನಮ್ಮ ಲೆಕ್ಕ ನೋಡುವ ಜ್ಯೋತ್ಸ್ನಾ ಹೇಳಿದಳು, "ಮಾಮ, ಸಮಯ ಕೇಳಿ ಒಂದು ಅರ್ಜಿ ಹಾಕುವ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ದಂಡ."

ನಾನು ರೇಗಿದೆ. ಮೊಬೈಲು ಅವರ ಮಗ ಹಸನ್ ಹತ್ತಿರ ಇದೆ, ಐದು ನಿಮಿಷದ ಕೆಲಸ, ನಾನೇ ತರುತ್ತೇನೆ ಎಂದು ಸಂತಾಪದ ಮಜ್ಲಿಸಿಗೆ, ಅವರ ಮನೆಯವರು ಬಂದವರನ್ನು ಕೂರಿಸುವ ಚಾವಡಿಗೆ, ಹೋದೆ.

ಅಲ್ಲಿ ಬಾಗಿಲ ಬಳಿ ಮನೆಯ ಗಂಡಸರು ಸಾಲಾಗಿ ನಿಂತಿದ್ದರು. ಬಂದವರು ಒಬ್ಬೊಬ್ಬರ ಕೈ ಹಿಡಿದು ಒಳಗೆ ಹೋಗಬೇಕು. ನಾನೂ ಹಿಡಿದೆ. ಇನ್ನೇನು ಮೊಬೈಲಿನ ಮಾತು ತೆಗೆಯಬೇಕು, ಹಸನ್ ನನ್ನ ಕೈ ಬಿಡಲೇ ಇಲ್ಲ. "ಚಾಚಾ, ಇಧರ್" ಎಂದು ಎಳೆದು ತನ್ನ ಪಕ್ಕದಲ್ಲಿ, ಆ ಸಾಲಿನಲ್ಲೇ ನಿಲ್ಲಿಸಿಕೊಂಡ. ಜಾಸಿಂರ ತಮ್ಮ ಸರಿದು ಜಾಗ ಕೊಟ್ಟರು.

ಸಭಿಕರೇ, ಯಾರ್ಯಾರು ಬಂದರು? ದೊಡ್ಡ ಕಾರಿನವರು ಬಂದರು, ಮೀನು ಹಿಡಿಯುವವರು ಬಂದರು, ಎಲ್ಲರೂ ಜಿಡ್ಡುಗಟ್ಟಿದ ಈ ಕೈ ಹಿಡಿದು, ನಿಮ್ಮ ದುಃಖಕ್ಕೆ ದೇವರು ಸಮಾಧಾನ ಕೊಡಲಿ ಎಂದರು. ನನ್ನ ದುಃಖಕ್ಕೆ! ನಾನು ಬಂದದ್ದು ಮೊಬೈಲಿಗೆ. ಬಾಯಿ ಜೋರಿನ ನಿಮ್ಮ ಈ ಮುದ್ದಣ್ಣ ಬಂದವರ ಕೈ ಹಿಡಿಯುತ್ತಲೇ ನಿಂತ. ಮನಾಮಾದಲ್ಲಿ ಎಷ್ಟೋ ಕಟ್ಟಡಗಳ ಮೇಲೆ ಹತ್ತಿದ್ದೇನೆ. ಆ ಸಾಲಿನಲ್ಲಿ ನಿಂತಷ್ಟು ಎತ್ತರದಲ್ಲಿ ಎಂದೂ ನಿಂತಿರಲಿಲ್ಲ.

ಜನ ಕರಗಿದ ಮೇಲೆ ಮೊಬೈಲು ಕೇಳದೆಯೇ ಹೊರಗೆ ಬಂದು ಜ್ಯೋತ್ಸ್ನಾಗೆ ಫೋನು ಮಾಡಿ, ಅರ್ಜಿ ಹಾಕು ಎಂದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. ಉತ್ತರ ಇನ್ನೂ ಬಂದಿಲ್ಲ. ದಂಡ ಬಿದ್ದರೆ ಕಟ್ಟುತ್ತೇನೆ. ಅರ್ಜಿಯಲ್ಲಿ ಕಾರಣ ಬರೆಯಬೇಕಂತೆ.

"ಪಾಲುದಾರರು ತೀರಿಕೊಂಡರು ಅಂತ ಬರೆಯುವುದಾ, ಮಾಮ?"

"ನಮ್ಮ ಮನೆಯಲ್ಲಿ ಸಾವಾಗಿದೆ ಅಂತ ಬರಿ," ಎಂದೆ.

ಶಾಲಿಗೂ, ಇಷ್ಟು ಹೊತ್ತು ಹಸಿದು ಕುಳಿತದ್ದಕ್ಕೂ ಉಪಕಾರ. ನಮಸ್ಕಾರ.