ಕನ್ನಡಿಗೆ ಬೆನ್ನು ಮಾಡಿದ ಕುರ್ಚಿಗಳು

…ಅಯ್ಯೋ, ಅಷ್ಟಕ್ಕೆಲ್ಲ ಹೀಗೆ ಮುಖ ಊದಿಸ್ಕೊಂಡು ಕೂರ್ತಾರಾ ಅಣ್ಣ? ನಾನು ಹಾಕಿದ ನಿನ್ನ ವಿಡಿಯೋಗೆ ಬಂದ ಕಾಮೆಂಟು ತಾನೇ! ಯಾವನೋ ಕೆಲಸ ಇಲ್ಲದವನು ಹಾಸಿಗೇಲಿ ಬಿದ್ಕೊಂಡು ಹೆಬ್ಬೆರಳಲ್ಲಿ ಒತ್ತಿದ್ದು. ಏಳು, ಎದ್ದೇಳು. ಎಲ್ಲರೂ ಬರೋ ಹೊತ್ತಾಯ್ತು. ಕುರ್ಚಿ ತಿರುಗಿಸೋಣ.

ಬೇಡವಾ? ತಲೆ ಅಲ್ಲಾಡಿಸ್ತೀಯಲ್ಲ, ಇದು ನೀನೇ ಕಟ್ಟಿದ ಗುಂಪು ಅಣ್ಣ! ಅಂಗಡಿ ರಜೆ ದಿನ ಕತ್ತರಿ ಬಾಚಣಿಗೆ ಬದಿಗಿಟ್ಟು, ಈ ಕಟಿಂಗ್ ಕುರ್ಚಿಗಳನ್ನ ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿದ್ದು ಯಾರು? ಮಾತು ಸಿಕ್ಕಿಹಾಕ್ಕೊಂಡಾಗ ತೊದಲೋರು ತಮ್ಮ ಮುಖ ತಾವೇ ನೋಡೋ ಹಾಗಾಗಬಾರದು ಅಂದಿದ್ದು ಯಾರು? ನಮ್ಮ ಗುಂಪಿನ ಬಸ್ ಕಂಡಕ್ಟರು ಸ್ಟಾಪಿನ ಹೆಸರನ್ನ ಬಾಯಿ ತುಂಬ ಕೂಗಿದ್ದು ಅದೇ ಮೂಲೆ ಕುರ್ಚೀಲಿ. ಅವತ್ತು ಅತ್ತವನು ಅವನಲ್ಲ, ನೀನು!

ಮತ್ತೆ ನಾನಿದ್ದೀನಲ್ಲ! ಕೆರೆಯ ಈ ದಂಡೇಲಿ ನಿಂತು ನಾನು ಬೈದರೆ ಆ ದಂಡೇಲಿ ಬಟ್ಟೆ ಒಗೆಯೋರು ಕಿವಿ ಮುಚ್ಕೊಳ್ತಿದ್ರು. ಅಂಥ ಬಾಯಿ ಇದು. ಕಾಮೆಂಟು ಹಾಕಿದ ಒಬ್ಬನನ್ನೂ ಬಿಟ್ಟಿಲ್ಲ ಅಣ್ಣ, ನಿನ್ನಾಣೆ. 'ನೆಟ್ ಸ್ಲೋ ಇದೆಯಾ, ವಿಡಿಯೋ ನಿಂತುಬಿಟ್ಟಿದೆ' ಅಂತ ಒಬ್ಬ. 'ನಿಂತಿರೋದು ನಿನ್ನ ಬುದ್ಧಿ ಕಣೋ' ಅಂತ ನಾನು! ಇನ್ನೊಬ್ಬ ಬರೀತಾನೆ, 'ಇವನು ನಮಸ್ಕಾರ ಅನ್ನೋಷ್ಟರಲ್ಲಿ ಕತ್ತರಿಸಿದ ಕೂದಲು ಮತ್ತೆ ಬೆಳೆದಿರುತ್ತೆ'...

ನಗ್ತಿದೀಯಾ? ಇಲ್ವಾ... ತುಟಿ ಅಲುಗಿದ ಹಾಗಿತ್ತು. ನನಗೆ... ಸುಳ್ಳು ಯಾಕೆ, ಒಂದು ಚೂರು ನಗು ಬಂತು. ಆಮೇಲೆ ಬಾರಿಸಿದೆ ನೋಡು ಅವನಿಗೆ! 'ನಿನ್ನ ತಲೇಲಿ ಬೆಳೆಯೋದು ಕೂದಲೊಂದೇ' ಅಂತ. ಅದಕ್ಕೆ ಎಷ್ಟು ಲೈಕು ಗೊತ್ತಾ!

ಹಾಗೆ ನೋಡಬೇಡ. ನಿನ್ನ ಪರವಾಗಿ ಮಾತಾಡೋದು ನನಗೇನು ಹೊಸದಾ? ಚಿಕ್ಕಂದಿನಿಂದ ಅದೇ ಕೆಲಸ. ಅಂಗಡೀಲಿ ನೀನು 'ಸ್... ಸ್...' ಅನ್ನೋಷ್ಟರಲ್ಲಿ ನಾನು 'ಸಕ್ಕರೆ' ಅಂತಿದ್ದೆ. ನಿನಗೆ ಬೇಕಿದ್ದದ್ದು ಸೋಪು! ಆದ್ರೂ ಸುಮ್ನೆ ಸಕ್ಕರೆ ಹೊತ್ಕೊಂಡು ಬರ್ತಿದ್ದೆ ನೀನು. ಅಮ್ಮ ಬೈದರೆ ನನ್ನ ಹೆಸರು ಹೇಳ್ತಿರಲಿಲ್ಲ...

ಏನಣ್ಣ, ಮೊಬೈಲ್ ಯಾಕೆ ಕೊಡ್ತೀಯ? ನೋಡಿದೀನಿ ಬಿಡು. ಇದಾ? ಓದಬೇಕಾ? ಸರಿ, ಓದ್ತೀನಿ. ಯಾರೋ ಹೆಂಗಸು ಬರೆದಿದ್ದು. 'ಪಾಪ, ಕೊನೆಗೂ ಹೇಳೋಕಾಗಲಿಲ್ಲ ಅವರಿಗೆ. ನನ್ನ ಮಗಳಿಗೂ ಹೀಗೇ. ಇವರ ಹತ್ರ ಕಳಿಸೋಣ ಅಂತಿದ್ದೆ. ಕಲಿಸೋರಿಗೇ ಮಾತು ಮುಗಿಯಲಿಲ್ಲ ಅಂದ್ರೆ...'

ಅದರ ಕೆಳಗೆ ನನ್ನ ಉತ್ತರ. ಹೂಂ. 'ನಿಮ್ಮಂಥೋರು ಬರದಿದ್ರೇ ಒಳ್ಳೇದು.' ಅದು... ಆ ಭರಾಟೇಲಿ, ಪೂರ್ತಿ ಓದದೆ... ಅಳಿಸಿಬಿಡ್ತೀನಿ, ಈಗಲೇ. ಆಯ್ತಾ?

ಅದಲ್ವಾ?

ಮೇಲಿನ ಸಾಲು... 'ಕೊನೆಗೂ ಹೇಳೋಕಾಗಲಿಲ್ಲ'. ಅಯ್ಯೋ, ಅವಳಿಗೇನು ಗೊತ್ತು! ನೀನು ಹೇಳಿದ್ದನ್ನ ವಿಡಿಯೋ ಹಿಡೀತಾ ನಾನೇ ನಿಂತು ಕೇಳಿದೀನಿ. 'ಇಲ್ಲಿ ಯಾರೂ ನಿಮ್ಮ ಮಾತು ಮುಗಿಸೋದಿಲ್ಲ. ನೀವೇ ಮುಗಿಸೋವರೆಗೂ ಕಾ...' ಅಂತ ನಿಂತೆ. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿದೆ. ಎಷ್ಟೋ ಹೊತ್ತಾದ ಮೇಲೆ 'ಕಾಯ್ತೀವಿ' ಅಂದೆ. ಎಷ್ಟು ಚೆನ್ನಾಗಿ ಅಂದೆ! ಅಂದು ನಕ್ಕೆ ಕೂಡ...

ಯಾಕೆ ಹಾಗೆ ನೋಡ್ತೀಯ? ಕನ್ನಡಿಯೊಳಗಿಂದ ನೋಡಬೇಡ ಅಣ್ಣ, ಈ ಕಡೆ ತಿರುಗು.

ಪೂರ್ತಿ ಹಾಕಿದೀನಿ ಅಂದಿದ್ದೆ... ಹೌದು. ನಿನ್ನ ವಿಡಿಯೋ ನೀನು ನೋಡಲ್ಲ ಅಂತ ಗೊತ್ತಿತ್ತು. ಉದ್ದ ಆಗಿತ್ತಣ್ಣ! ಅಷ್ಟು ಹೊತ್ತು ಯಾರು ನೋಡ್ತಾರೆ? ಬೆರಳಲ್ಲಿ ತಳ್ಳಿ ಮುಂದೆ ಹೋಗ್ತಾರೆ! ಅದಕ್ಕೇ ಅಲ್ಲಿಗೆ... 'ಕಾ'ಗೆ ಕತ್ತರಿಸಿದೆ... ಆಮೇಲೆ ನಮ್ಮ ಅಡ್ರೆಸ್ಸು ಬರೋ ಹಾಗೆ...

ಕಾಯೋಕೆ ಆಗಲಿಲ್ಲ ನನಗೆ.

ಬೈ ಅಣ್ಣ. ಬೈದುಬಿಡು. ಅರ್ಧಕ್ಕೆ ಬಾಯಿ ಹಾಕಲ್ಲ. ನೋಡು, ಕೂತಿದೀನಿ, ಮೂಲೆ ಕುರ್ಚೀಲೇ. ಎಷ್ಟು ಹೊತ್ತಾದ್ರೂ ಆಗಲಿ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು... ಬಂದ್ರು ಅನ್ಸುತ್ತೆ. ನಿಂತಿರಲಿ ಹೊರಗೆ. ನೀನು ಹೇಳು.

ಯಾವ ಅಕ್ಷರ ಹಿಡ್ಕೊಂಡಿದೆ ಅಣ್ಣ?

...ಇಲ್ಲ. ಮಾತು ಹಿಡ್ಕೊಂಡಾಗ ನಿನ್ನ ದವಡೆ ನಡುಗುತ್ತೆ. ಕಣ್ಣು ಮುಚ್ತೀಯ. ಹುಟ್ಟಿದಾಗಿಂದ ನೋಡಿದೀನಿ.

ಈಗ ನಡುಗ್ತಿಲ್ಲ. ಕಣ್ಣೂ ಬಿಟ್ಟೇ ಇದೀಯ, ನನ್ನನ್ನೇ ನೋಡ್ತಿದೀಯ... ಮಾತು ಸಿಕ್ಕಿಹಾಕ್ಕೊಂಡಿಲ್ಲ, ನೀನೇ ಆಡ್ತಿಲ್ಲ.

ಅಣ್ಣ?