ಹಳದಿ ಬಣ್ಣದ ಗೋಡೆ

ಮಹಾರಾಷ್ಟ್ರದ ಸಂಭಾಜಿನಗರದ ಪಾಲಿಕೆ ಕಚೇರಿಯ ಸಾಲಿನಲ್ಲಿ ಕನ್ನಡ ಕೇಳಿ ನನ್ನ ಕಿವಿ ನಿಮಿರಿತು. ಮುಂದೆ ಹೋಟೆಲಿನ ಯಜಮಾನರೊಬ್ಬರು, ಜೊತೆಗೆ ನಕ್ಷೆ ಹಿಡಿದ ಅವರ ಅಕ್ಕನ ಮಗಳು.

“ನಕ್ಷೆಯಲ್ಲಿ ಸ್ಟೋರ್ ರೂಮಿನ ಗೋಡೆಗೆ ಹಳದಿ ಯಾಕೆ ಹಾಕಿದ್ದು, ಶ್ರೀಜಾ?”

“ಒಡೆಯುವ ಗೋಡೆಗೆ ಹಳದಿಯೇ ಹಾಕುವುದು, ಮಾವ.”

“ಒಡೀತೇನೆ ಅಂತ ನಾನು ಹೇಳಿದೆನಾ? ಕಪ್ಪು ಮಾಡು, ಮೊದಲಿಂದ ಇದ್ದದ್ದು ಅಂತಾಗ್ತದೆ. ಕಂಪ್ಯೂಟರಲ್ಲಿ ಒಂದು ಕ್ಲಿಕ್ ಅಲ್ವಾ ಮಾರಾಯ್ತಿ.”

“ಬಣ್ಣ ಬದಲಾದ್ರೆ ಗೋಡೆ ಸರಿಯುವುದಿಲ್ಲ. ಹಿಂದಿನ ಮೆಟ್ಟಿಲಿಗೇ ಅಡ್ಡ ಕಟ್ಟಿದ್ದೀರಿ. ಬೆಂಕಿ ಬಿದ್ರೆ ಮೇಲೆ ಮಲಗುವ ಅಡುಗೆಯವರು ಎಲ್ಲಿಂದ ಇಳೀಬೇಕು?”

“ಬೇರೆ ಆರ್ಕಿಟೆಕ್ಟ್ ಆದ್ರೆ ಹೇಳಿದ್ದು ಮಾಡ್ತಿದ್ದ.”

“ಅವನತ್ರವೇ ಹೋಗಿ. ಇದರಲ್ಲಿ ನನ್ನ ಸಹಿ ಉಂಟು.”

“ಪಾಸಾದ್ರೆ ನಿಜವಾಗಿ ಒಡೀಬೇಕಲ್ಲ?”

“ಗೌಂಡಿಗೆ ನಾಳೆ ಬರ್ಲಿಕ್ಕೆ ಹೇಳಿ ಆಗಿದೆ. ಅಕ್ಕಿ ಮೂಟೆ ಇವತ್ತೇ ತೆಗೆಸಿ.”

ಅವರ ಸರದಿ ಬಂತು. ಮಾವನಿಗೆ ಕಾಯದೆ ಆಕೆ ಕೌಂಟರಿಗೆ ನಡೆದಳು.